ಸಭಾಪ್ರಾಂತದ ಮಿಷನ್ ಪುನರವಲೋಕನ ಸೇವೆ: ಪಡೆದುಕೊಂಡ ಸಭೆಯೊಂದರ ಅನುಭವ

ಕಳೆದ ವರ್ಷ ನಮ್ಮ ಕ್ರೈಸ್ತ ಸಭೆಯ ಸಮಿತಿಯು ಸಭಾಪ್ರಾಂತದ (ಹಲವು ಸಭೆಗಳನ್ನು ಒಟ್ಟಾಗಿ ನೋಡಿಕೊಳ್ಳುವ ಡಯಾಸಿಸ್‌ನ) ‘ಮಿಷನ್ ಪುನರವಲೋಕನ’ ಸೇವೆಯನ್ನು, ಅಂದರೆ ಸಭೆಯು ಲೋಕದಲ್ಲಿ ಮಾಡಬೇಕಾದ ಕಾರ್ಯವನ್ನು ಮತ್ತೆ ಪರಿಶೀಲಿಸಿಕೊಳ್ಳಲು ನೆರವಾಗುವ ಸೇವೆಯನ್ನು, ಕೇಳಿ ಪಡೆದುಕೊಂಡಿತು. ಎಂಟು ತಿಂಗಳ ಅವಧಿಯಲ್ಲಿ ಒಬ್ಬರು ಸಭಾಪಾಲಕರು ಮತ್ತು ಒಬ್ಬ ಹಿರಿಯ ಸಭಾಸದಸ್ಯೆ ನಾಲ್ಕು ಸಲ ಬಂದು, ನಮ್ಮೊಡನೆ ಕುಳಿತು, ಬೀದಿಗಳಲ್ಲಿ ನಡೆದು, ಕೊನೆಗೆ ಒಂದು ಲಿಖಿತ ವರದಿಯನ್ನು ಕೊಟ್ಟು ಹೋದರು. ಇದಕ್ಕೆ ಶುಲ್ಕವಿಲ್ಲ; ಸಮಿತಿಯ ಎಲ್ಲರೂ ನಾಲ್ಕು ಭೇಟಿಗಳಿಗೂ ತಪ್ಪದೆ ಬರಬೇಕೆಂಬುದೊಂದೇ ಷರತ್ತು. ಕಾರ್ಯದರ್ಶಿಯಾಗಿ ಈ ಕೆಲಸದ ಮೊದಲಿನಿಂದ ಕೊನೆಯವರೆಗೂ ಜೊತೆಗಿದ್ದ ನಾನು, ಇಂಥದೇ ಸೇವೆಯನ್ನು ಪಡೆಯಬೇಕೆಂದು ಯೋಚಿಸುತ್ತಿರುವ ಬೇರೆ ಸಭೆಗಳವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನವೇ ಅವರು ಕೇಳಿದ್ದು ಎರಡು ವಸ್ತುಗಳನ್ನು: ದೀಕ್ಷಾಸ್ನಾನದ ದಾಖಲೆ ಪುಸ್ತಕ ಮತ್ತು ದೇವಾಲಯದ ಬೀಗದ ಕೈಗಳು. ದಾಖಲೆ ಪುಸ್ತಕದಲ್ಲಿ ಕಳೆದ ಹತ್ತು ವರ್ಷಗಳ ಹೆಸರುಗಳನ್ನು ಒಂದೊಂದಾಗಿ ಓದಿ, ಆ ಮಗು ಈಗ ಎಲ್ಲಿದೆ, ಆ ಕುಟುಂಬದವರು ಆರಾಧನೆಗೆ ಬರುತ್ತಾರೆಯೇ ಎಂದು ವಿಚಾರಿಸಿದರು. ಅರ್ಧದಷ್ಟು ಹೆಸರುಗಳಿಗೆ ನಮ್ಮಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ಬೀಗದ ಕೈಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಯಾವುದು ಯಾರ ಬಳಿ ಇರುತ್ತದೆ ಎಂದು ಬರೆಸಿದರು. ಹನ್ನೊಂದು ಕೈಗಳಿದ್ದವು; ಹನ್ನೊಂದೂ ಅರವತ್ತು ದಾಟಿದವರ ವಶದಲ್ಲಿದ್ದವು; ಭಾನುವಾರ ಶಾಲೆಯ ಶಿಕ್ಷಕಿಯರಲ್ಲಿ ಒಬ್ಬರ ಬಳಿಯೂ ಒಂದಿರಲಿಲ್ಲ. ಯುವಜನರು ಸಭೆಯಿಂದ ದೂರವಾಗುತ್ತಿದ್ದಾರೆಂದು ನಾವು ವರ್ಷಗಳಿಂದ ವಾರ್ಷಿಕ ವರದಿಯಲ್ಲಿ ಬರೆದುಕೊಂಡು ಬಂದಿದ್ದೆವು. ಆ ಸಾಲನ್ನು ಬರೆದವಳು ನಾನೇ ಆದುದರಿಂದ, ಮೇಜಿನ ಮೇಲಿನ ಆ ಕೈಗಳನ್ನು ನೋಡಿ ನನಗೆ ನಿಜವಾಗಿಯೂ ನೋವಾಯಿತು.

ಎರಡನೆಯ ಭೇಟಿಯಲ್ಲಿ ಇಬ್ಬಿಬ್ಬರಾಗಿ ನಮ್ಮನ್ನು ಸುತ್ತಲಿನ ಬೀದಿಗಳಿಗೆ ಕಳುಹಿಸಿದರು. ಕರಪತ್ರ ಹಂಚಬಾರದು, ಆರಾಧನೆಗೆ ಕರೆಯಬಾರದು, ಕೇಳಿಸಿಕೊಂಡು ಬರಬೇಕು ಎಂಬುದು ಅವರು ಹಾಕಿದ ನಿಯಮ. ದೇವಾಲಯದ ಗೋಡೆಗೆ ಒತ್ತಿಕೊಂಡೇ ಇರುವ ಬಸ್ ನಿಲ್ದಾಣದಲ್ಲಿ ರಾತ್ರಿ ಪಾಳಿ ಮುಗಿಸಿ ಕಾಯುತ್ತಿದ್ದ ಒಬ್ಬ ದಾದಿಯನ್ನು ನಾನು ಮಾತನಾಡಿಸಿದೆ. ನಾಲ್ಕು ವರ್ಷಗಳಿಂದ ಅದೇ ಜಾಗದಲ್ಲಿ ಬಸ್ಸಿಗೆ ಕಾಯುತ್ತಿರುವುದಾಗಿಯೂ, ಒಳಗಿನ ಬೆಂಚು ಗೇಟಿನ ಸರಳುಗಳ ನಡುವೆ ಕಾಣಿಸುತ್ತಿದ್ದರೂ ಗೇಟು ತೆರೆದದ್ದನ್ನು ಒಮ್ಮೆಯೂ ನೋಡಿಲ್ಲವೆಂದೂ ಅವರು ಹೇಳಿದರು. ಈ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಭಾಗ ಇದೇ.

ಮೂರನೆಯ ಭೇಟಿ ಅಧ್ಯಯನಕ್ಕೆ ಮೀಸಲಾಗಿತ್ತು. 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದ ಕಾಲದಲ್ಲಿ ಮಿಷನ್ ಎಂದರೆ ಕ್ರೈಸ್ತ ದೇಶಗಳೆನಿಸಿಕೊಂಡವುಗಳಿಂದ ಇತರ ದೇಶಗಳಿಗೆ ಜನರನ್ನು ಕಳುಹಿಸುವ ಕಾರ್ಯವೆಂದೇ ಹೆಚ್ಚಿನವರು ತಿಳಿದಿದ್ದರು. 1952ರಲ್ಲಿ ಜರ್ಮನಿಯ ವಿಲ್ಲಿಂಗೆನ್‌ನಲ್ಲಿ ಸೇರಿದ ಮಿಷನರಿ ಸಮ್ಮೇಳನವಾದರೋ ಮಿಷನ್ನಿನ ಮೂಲವನ್ನು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರಲ್ಲಿಯೇ ಕಂಡಿತು. ಅದು ದೇವರ ಕಾರ್ಯ, ಸಭೆಯು ಅದರಲ್ಲಿ ಪಾಲುಗೊಳ್ಳುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬೇರೂರಿತು. ಲೆಸ್ಲಿ ನ್ಯೂಬಿಗಿನ್ ಅವರ ಬದುಕು ಈ ತಿರುವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. 1936ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದು, 1947ರಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ಅದರ ಮೊದಲ ಬಿಷಪರುಗಳಲ್ಲಿ ಒಬ್ಬರಾಗಿದ್ದ ಅವರು, 1974ರಲ್ಲಿ ಬ್ರಿಟನ್ನಿಗೆ ಮರಳಿದ ಮೇಲೆ ತಮ್ಮ ಸ್ವಂತ ನಾಡೇ ಮಿಷನ್ ಕ್ಷೇತ್ರವಾಗಿರುವುದನ್ನು ಕಂಡು, ಉಳಿದ ಆಯುಷ್ಯದ ಬಹುಭಾಗವನ್ನು ಆ ವಿಚಾರಕ್ಕೇ ಕೊಟ್ಟರು. ನಮ್ಮ ಅತಿಥಿಗಳು ಇದನ್ನೆಲ್ಲ ಚೆನ್ನಾಗಿ, ತಾಳ್ಮೆಯಿಂದ ವಿವರಿಸಿದರು.

ಆದರೆ ಅವರು ಹಂಚಿದ ಕೈಪಿಡಿಯ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಹೇಳಲಾರೆ. ಟಾರ್ಗೆಟ್, ಔಟ್‌ಕಮ್, ಗ್ರೋತ್ ರೇಟ್ ಎಂಬ ಮಾತುಗಳು ಪುಟಪುಟದಲ್ಲಿಯೂ ಇದ್ದವು. ಸುವಾರ್ತೆಯನ್ನು ಸಾರುವುದು, ಹೊಸ ವಿಶ್ವಾಸಿಗಳಿಗೆ ಬೋಧಿಸಿ ಪೋಷಿಸುವುದು, ಕಷ್ಟದಲ್ಲಿರುವವರ ಸೇವೆ ಮಾಡುವುದು, ಅನ್ಯಾಯದ ವ್ಯವಸ್ಥೆಗಳನ್ನು ಬದಲಿಸುವುದು, ಸೃಷ್ಟಿಯನ್ನು ಕಾಪಾಡುವುದು ಎಂದು ಆಂಗ್ಲಿಕನ್ ಸಭೆಗಳು 1984ರಿಂದ 1990ರ ನಡುವೆ ರೂಪಿಸಿಕೊಂಡ ಮಿಷನ್ನಿನ ಐದು ಲಕ್ಷಣಗಳನ್ನು ಕೈಪಿಡಿ ಸರಿಯಾಗಿಯೇ ಕೊಟ್ಟಿತ್ತು. ಅದರ ಕೆಳಗೆ ಮಾತ್ರ ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಕೊಡಿ ಎಂದು ಚೌಕಗಳನ್ನು ಬಿಡಿಸಿದ್ದರು. ನಲವತ್ತು ವರ್ಷ ರೋಗಿಗಳ ಮನೆಗೆ ಹೋಗಿ ಪ್ರಾರ್ಥಿಸಿದ ಒಬ್ಬ ಹಿರಿಯರು ತಮ್ಮ ಚೌಕವನ್ನು ತುಂಬದೆ ಹಾಗೆಯೇ ಹಿಂದಿರುಗಿಸಿದರು. ಅವರು ಮಾಡಿದ್ದು ಸರಿ ಎಂದೇ ನನ್ನ ಭಾವನೆ. ಕೈಪಿಡಿಯನ್ನು ಸಭೆಯವರು ಆಡುವ, ಪ್ರಾರ್ಥಿಸುವ ಭಾಷೆಯಲ್ಲಿ ಮತ್ತೆ ಬರೆಯಬೇಕು.

ಇದಕ್ಕಿಂತ ದೊಡ್ಡ ಕೊರತೆ ವರದಿಯ ನಂತರ ತಿಳಿದುಬಂತು. ವರದಿಯು ನಮಗೆ ಹೇಳಿದ ಹನ್ನೆರಡು ಕೆಲಸಗಳಲ್ಲಿ ಒಂಬತ್ತು ನಮ್ಮ ಕೈಯಲ್ಲಿದ್ದವು. ಅವುಗಳಲ್ಲಿ ಆರನ್ನು ಆರಂಭಿಸಿದ್ದೇವೆ. ನಮ್ಮ ಕೈಯಲ್ಲಿಲ್ಲದ ಮೂರು, ಅಂದರೆ ಬಳಕೆಯಿಲ್ಲದ ಹಿಂದಿನ ಸಭಾಂಗಣವನ್ನು ನೆರೆಹೊರೆಯವರಿಗಾಗಿ ತೆರೆಯುವುದು, ಸಭಾಪಾಲಕರನ್ನು ಕನಿಷ್ಠ ಐದು ವರ್ಷ ಇಲ್ಲೇ ಉಳಿಸುವುದು, ನಾವು ಸಭಾಪ್ರಾಂತಕ್ಕೆ ಕೊಡುವ ವಂತಿಗೆಯ ಒಂದು ಭಾಗವನ್ನು ಹೊಸ ಸೇವೆಗೆ ಬಿಟ್ಟುಕೊಡುವುದು, ಸಭಾಪ್ರಾಂತದ ಒಪ್ಪಿಗೆಯಿಲ್ಲದೆ ಆಗುವಂಥವಲ್ಲ. ಸ್ವತ್ತು, ವರ್ಗಾವಣೆ, ಹಣ ಈ ಮೂರೂ ಕೇಂದ್ರ ಕಚೇರಿಯ ಅಧಿಕಾರದಲ್ಲಿವೆ. ನಾವು ಪತ್ರ ಬರೆದು ಆರು ತಿಂಗಳಾದರೂ ಉತ್ತರ ಬಂದಿಲ್ಲ. ಸೇವೆ ಕೊಟ್ಟವರೂ ಉತ್ತರಿಸಬೇಕಾದವರೂ ಒಂದೇ ಕಚೇರಿಯವರಾದುದರಿಂದ ಈ ಮೌನ ಹೆಚ್ಚು ಕಾಡುತ್ತದೆ. ಬಾಗಿಲು ತೆರೆಯಿರಿ ಎಂದು ಸಭೆಗೆ ಹೇಳುವ ಸಭಾಪ್ರಾಂತವು ತನ್ನ ಕೈಯಲ್ಲಿರುವ ಬೀಗದ ಕೈಗಳನ್ನೂ ಅದೇ ಮೇಜಿನ ಮೇಲೆ ಇಡಬೇಕಲ್ಲವೇ?

ಹಾಗೆ ಇಡುವುದು ಅಸಾಧ್ಯವೇನೂ ಅಲ್ಲ. ಸ್ಕಾಟ್‌ಲೆಂಡಿನಲ್ಲಿ 2022ರ ಜನಗಣತಿಯ ಹೊತ್ತಿಗೆ ತಮಗೆ ಯಾವ ಧರ್ಮವೂ ಇಲ್ಲವೆಂದವರು ಶೇಕಡಾ 51ಕ್ಕೆ ಏರಿದ್ದರು. ಅದಕ್ಕೆ ಹನ್ನೊಂದು ವರ್ಷಗಳ ಹಿಂದೆ ಅವರು ಶೇಕಡಾ 37ರಷ್ಟಿದ್ದರು. ಅಲ್ಲಿನ ಚರ್ಚ್ ಆಫ್ ಸ್ಕಾಟ್‌ಲೆಂಡ್ 2021ರಲ್ಲಿ ಕಾನೂನು ಮಾಡಿ, ಪ್ರತಿಯೊಂದು ಪ್ರೆಸ್ಬಿಟರಿಯೂ (ಒಂದು ಪ್ರದೇಶದ ಸಭೆಗಳನ್ನು ನೋಡಿಕೊಳ್ಳುವ ಮಂಡಳಿ) ಮಿಷನ್ ಯೋಜನೆಯನ್ನು ಸಿದ್ಧಪಡಿಸಬೇಕೆಂದಿತು. ಯಾವ ಕಟ್ಟಡ ಉಳಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ಆ ಯೋಜನೆಯೇ ಹೇಳಬೇಕಿತ್ತು. ಜೊತೆಗೆ ಪ್ರೆಸ್ಬಿಟರಿಗಳೇ ಒಂದರೊಡನೊಂದು ವಿಲೀನಗೊಂಡು ಸಂಖ್ಯೆಯಲ್ಲಿ ಕಡಿಮೆಯಾದವು. ತಲೆಮಾರುಗಳಿಂದ ಆರಾಧಿಸಿದ ದೇವಾಲಯವನ್ನು ಕಳೆದುಕೊಂಡವರ ದುಃಖ ಸಣ್ಣದಲ್ಲ, ಆ ಕ್ರಮವನ್ನು ಹಾಗೆಯೇ ಅನುಸರಿಸಬೇಕೆಂದು ನಾನು ಹೇಳುತ್ತಿಲ್ಲ. ಪ್ರಾದೇಶಿಕ ಮಂಡಳಿಯು ತನ್ನ ಗಡಿ, ಗಾತ್ರ, ರಚನೆಗಳನ್ನೂ ಪ್ರಶ್ನೆಗೆ ಒಡ್ಡಿಕೊಂಡಿತು ಎಂಬ ಅಂಶ ಮಾತ್ರ ನನಗೆ ಮುಖ್ಯವೆನಿಸಿತು.

ಹೀಗಿದ್ದರೂ ಈ ಸೇವೆಯನ್ನು ಪಡೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಮೊದಲ ಎರಡು ಭೇಟಿಗಳಿಗೆ ಸಮನಾದದ್ದನ್ನು ನಾನು ಮೂವತ್ತು ವರ್ಷಗಳ ಸಭಾ ಜೀವನದಲ್ಲಿ ಕಂಡಿಲ್ಲ. ಆದರೆ ಅರ್ಜಿ ಹಾಕುವಾಗಲೇ ಎರಡು ಮಾತುಗಳನ್ನು ಬರಹದಲ್ಲಿ ಪಡೆಯಿರಿ: ವರದಿಯಲ್ಲಿ ಸಭಾಪ್ರಾಂತ ಮಾಡಬೇಕಾದ ಕೆಲಸಗಳೂ ಪ್ರತ್ಯೇಕವಾಗಿ ಇರಬೇಕು, ಅವುಗಳಿಗೆ ಉತ್ತರಿಸುವ ದಿನಾಂಕವೂ ಅದರಲ್ಲಿ ಇರಬೇಕು. ಜೊತೆಗೆ, ಎರಡನೆಯ ಭೇಟಿಗೆ ಒಂದು ದಿನ ಸಾಲದು; ಬೆಳಗಿನ ಹೊತ್ತು ಬೀದಿಯಲ್ಲಿ ಕಾಣುವವರೇ ಬೇರೆ, ರಾತ್ರಿ ಕಾಣುವವರೇ ಬೇರೆ.

ಹನ್ನೆರಡನೆಯ ಬೀಗದ ಕೈಯನ್ನು ಮಾಡಿಸಿ ಭಾನುವಾರ ಶಾಲೆಯ ಶಿಕ್ಷಕಿಯೊಬ್ಬರಿಗೆ ಕೊಟ್ಟಿದ್ದೇವೆ. ಈಗ ಪ್ರತಿದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಗೇಟು ತೆರೆದಿರುತ್ತದೆ, ಬೆಂಚನ್ನು ಗೋಡೆಯ ನೆರಳಿಗೆ ಸರಿಸಿದ್ದೇವೆ. ನಮ್ಮ ಮೂರು ಬೇಡಿಕೆಗಳಿಗೆ ಸಭಾಪ್ರಾಂತದಿಂದ ಉತ್ತರ ಬಂದ ದಿನ ಅದನ್ನೂ ಇಲ್ಲಿ ಸೇರಿಸುತ್ತೇನೆ.