ಹಳೇ ರುಬಿಡಿಯಂ ಡಬ್ಬಿಯೋ, ಜಿಪಿಎಸ್ ಗಡಿಯಾರವೋ?

ದಾವಣಗೆರೆಯ ಮನೆಯಲ್ಲೇ ಕರಾರುವಾಕ್ಕಾದ ಸಮಯ ಹಿಡಿಯುವ ಆಸೆ ನಿಮಗೂ ಇದೆಯಾ? ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಹೇಳುವುದು ಈ ಎರಡನ್ನೇ: ರುಬಿಡಿಯಂ ಪರಮಾಣುಗಳಿಂದ ತಾಳ ಹಿಡಿಯುವ ಡಬ್ಬಿ, ಇಲ್ಲವೇ ಉಪಗ್ರಹದಿಂದ ಸಮಯ ಪಡೆಯುವ ಜಿಪಿಎಸ್ ಗಡಿಯಾರ. ಎರಡೂ ಸಾಮಾನ್ಯವಾಗಿ 10 ಮೆಗಾಹರ್ಟ್ಸ್ (ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುವ) ಸಿಗ್ನಲ್ ಕೊಡುತ್ತವೆ.

ರುಬಿಡಿಯಂಗೆ ಆಂಟೆನಾ ಬೇಡ. ಪರಮಾಣುಗಳ 6.83 ಗಿಗಾಹರ್ಟ್ಸ್ ಕಂಪನವೇ ಅದರ ಆಧಾರ. ಎಷ್ಟು ಚೆಂದ ಅಲ್ವಾ! ಆದರೆ ಜಾಸ್ತಿ ಬಿಸಿಯಾಗುತ್ತದೆ. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಬಿಸಿ ಹೀರಿ ಹೊರಹಾಕುವ ದಪ್ಪ ಲೋಹದ ಹೀಟ್ ಸಿಂಕ್ ಇಲ್ಲದೆ ಓಡಿಸಲೇಬೇಡಿ. ಒಳಗಿನ ದೀಪವೂ ಸವೆಯುತ್ತದೆ. ಲಾಕ್ ಆಗುವುದನ್ನು, ಅಂದರೆ ಸಿಗ್ನಲ್ ಪರಮಾಣುಗಳ ಕಂಪನಕ್ಕೆ ಹೊಂದಿ ನಿಲ್ಲುವುದನ್ನು, ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಇನ್ನೊಂದು ಮಾತು, ಈಗ ಗಂಟೆ ಎಷ್ಟು ಅಂತ ಅದಕ್ಕೆ ತಾನಾಗಿ ಗೊತ್ತಿರುವುದಿಲ್ಲ.

ಜಿಪಿಎಸ್ ಪೆಟ್ಟಿಗೆಗೆ ಅದು ಗೊತ್ತು. ತಾರಸಿ ಮೇಲೆ ಆಂಟೆನಾ ಇಟ್ಟರೆ ಒಳಗೆ ಮಿಡಿಯುವ ಕ್ರಿಸ್ಟಲನ್ನು ಉಪಗ್ರಹ ನೋಡಿ ತಿದ್ದಿಕೊಳ್ಳುತ್ತಲೇ ಇರುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಒಂದಾದ ಹಳೇ ಟ್ರಿಂಬಲ್ ಥಂಡರ್‌ಬೋಲ್ಟ್ 2017ರಿಂದ ತಾರೀಖನ್ನು 1024 ವಾರ ಹಿಂದೆ ತೋರಿಸುತ್ತದೆ. ಹೆದರಬೇಡಿ, ಸೆಕೆಂಡಿಗೊಮ್ಮೆ ಬರುವ ಪಲ್ಸ್ (ಮಿಡಿತ) ಸರಿಯಾಗಿಯೇ ಇರುತ್ತದೆ. ತಾರಸಿ ಇದ್ದವರು ಮೊದಲು ಇದನ್ನೇ ತಗೊಳ್ಳಿ.