ನಾಲ್ಕು ವರ್ಷದ ಸಾಣೆ: ಚಕ್ರಕ್ಕೆ ಪೂರ್ಣ ಅಂಕ, ಆಸರೆ ತಟ್ಟೆಗೆ ಸೊನ್ನೆ

ನಿಧಾನಗತಿಯ, ಎಂಟು ಅಂಗುಲ ಚಕ್ರದ ಈ ಬೆಂಚ್ ಗ್ರೈಂಡರ್ ತಂದು ನಾಲ್ಕು ವರ್ಷವಾಯಿತು. ಮೋಟಾರಿನ ಶಕ್ತಿ, ತೂಕ, ಚಕ್ರದ ಅಗಲ ಎಲ್ಲವನ್ನೂ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ, ಅದನ್ನು ಮತ್ತೆ ಬರೆಯುವುದಿಲ್ಲ. ನಾನು ಹೇಳಬೇಕಾಗಿರುವುದು ಒಂದು ತಗಡಿನ ತುಂಡಿನ ಬಗ್ಗೆ. ಚಕ್ರದ ಮುಂದೆ ಉಳಿ ಊರಲೆಂದು ಕೊಡುವ ಆ ಆಸರೆ ತಟ್ಟೆ ನನ್ನ ಎರಡು ವರ್ಷಗಳನ್ನು ತಿಂದುಹಾಕಿತು.

ನಾನು ಲೇತಿನ ಮೇಲೆ ಮರ ಕಡೆಯುವವನು. ಬಟ್ಟಲು, ಮೇಜಿನ ಕಾಲು, ಉಪಕರಣಗಳ ಹಿಡಿ, ಹೀಗೆ ವಾರದಲ್ಲಿ ನಾಲ್ಕೈದು ದಿನ ಕೆಲಸ ಇರುತ್ತದೆ. ಗೌಜ್‌ಗಳಿಗೆ, ಅಂದರೆ ಕಾಲುವೆಯಂತೆ ತೋಡಿದ ದುಂಡು ಬಾಯಿಯ ಉಳಿಗಳಿಗೆ, ಸಾಣೆ ಹಿಡಿಯುವುದು ಬರಿಗೈಯಲ್ಲಿಯೇ, ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಜಿಗ್ ಇಲ್ಲ. ಜಿಗ್‌ಗೆ ಕೊಡುವ ಹಣಕ್ಕೆ ಇನ್ನೊಂದು ಒಳ್ಳೆಯ ಗೌಜ್ ಬರುತ್ತದೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಬಾಯಿ ಮೊಂಡಾಯಿತು ಎಂದು ಕೈಗೆ ಗೊತ್ತಾದ ಕೂಡಲೇ ಎರಡು ಹೆಜ್ಜೆ ನಡೆದು, ಹರಿತ ಮಾಡಿಕೊಂಡು, ಮರದ ಮುಂದೆ ಮರಳಿ ನಿಲ್ಲಬೇಕು ಎನ್ನುವ ನನ್ನ ಹಟ. ಉಳಿಯನ್ನು ಜಿಗ್‌ಗೆ ಸಿಕ್ಕಿಸಿ, ಎಷ್ಟು ಹೊರಚಾಚಿದೆ ಎಂದು ಅಳೆದು, ತಿರುಪು ಬಿಗಿಯುವಷ್ಟರಲ್ಲಿ ಕೆಲಸದ ಓಘ ಕಡಿದುಹೋಗುತ್ತದೆ. ಅದು ತೊಡಕು ಅನ್ನಿಸಿದರೆ ಉಳಿ ಮೊಂಡಾದರೂ ಕೈ ಮುಂದೂಡುತ್ತದೆ, ಮರ ಕತ್ತರಿಸುವ ಬದಲು ಹರಿಯುತ್ತದೆ.

ಮೊದಲ ದಿನದಿಂದಲೂ ನನ್ನ ಗೌಜ್‌ಗಳ ಇಳಿಜಾರಿನಲ್ಲಿ, ಬೆವೆಲ್ ಎನ್ನುತ್ತೇವಲ್ಲ ಅದರಲ್ಲಿ, ಚಪ್ಪಟೆ ಪಟ್ಟೆಗಳು ಬೀಳುತ್ತಿದ್ದವು. ಒಂದೇ ನಯವಾದ ಮುಖ ಇರಬೇಕಾದ ಕಡೆ ನಾಲ್ಕೈದು ಮುಖ, ನಡುನಡುವೆ ಏಣು. ಇದು ನೋಟದ ದೋಷ ಮಾತ್ರವಲ್ಲ. ಗೌಜ್ ಮರದ ಮೇಲೆ ಬೆವೆಲ್ ಊರಿಕೊಂಡೇ ಸಾಗಬೇಕು. ಆ ಸಾಗುವಿಕೆಯ ನಡುವೆ ಏಣು ಬಂದರೆ ಬಾಯಿ ಒಮ್ಮೆ ಮರ ಬಿಟ್ಟು ಏಳುತ್ತದೆ, ಮರುಕ್ಷಣವೇ ಕಚ್ಚುತ್ತದೆ. ಬಟ್ಟಲಿನ ಒಳಮೈ ಕೈಯಾಡಿಸಿದರೆ ಅಲೆ ಅಲೆಯಾಗಿ ಸಿಗುತ್ತಿತ್ತು. ಕೈ ಇನ್ನೂ ಪಳಗಿಲ್ಲ ಎಂದುಕೊಂಡೆ. ಬರಿಗೈ ಸಾಣೆ ಕಲಿಯುವವರೆಲ್ಲ ಈ ಹಾದಿಯಲ್ಲೇ ಬರುತ್ತಾರೆ ಎಂದು ಹಿರಿಯರೂ ಹೇಳಿದರು. ಪಟ್ಟೆ ಅಳಿಸಲು ಮತ್ತೆ ಮತ್ತೆ ಚಕ್ರಕ್ಕೆ ಒಡ್ಡಿದೆ, ಉಕ್ಕು ಕರಗುತ್ತಾ ಹೋಯಿತು, ಪಟ್ಟೆ ಹೋಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಮೂರು ಗೌಜ್‌ಗಳನ್ನು ಸಾಲಾಗಿಟ್ಟು ನೋಡಿದೆ. ಮೂರರಲ್ಲೂ ಏಣು ಒಂದೇ ಜಾಗದಲ್ಲಿ ಇತ್ತು: ಬಾಯಿಯ ನಡುತುದಿಯಾದ ಮೂತಿಯಿಂದ, ಪಕ್ಕದ ಅಂಚಾದ ಎಡ ರೆಕ್ಕೆಯತ್ತ ತಿರುಗುವ ಕಡೆ. ಕೈಯ ನಡುಕವಾಗಿದ್ದರೆ ದಿನಕ್ಕೊಂದು ಜಾಗದಲ್ಲಿ ಬೀಳಬೇಕಿತ್ತು. ಅದೇ ವಾರ ಜೊತೆಗಾರನೊಬ್ಬನ ಬೆಂಚಿನಲ್ಲಿ ಅದೇ ಗೌಜ್‌ಗೆ ಸಾಣೆ ಹಿಡಿದೆ. ಬೆವೆಲ್ ಕನ್ನಡಿಯ ಹಾಗೆ ಒಂದೇ ಮುಖವಾಗಿ ಬಂತು.

ಮನೆಗೆ ಬಂದು ನನ್ನ ಆಸರೆ ತಟ್ಟೆಯನ್ನು ಬಿಚ್ಚಿ ದೀಪದಡಿ ಹಿಡಿದೆ. ಡ್ರಿಲ್ ಬಿಟ್‌ಗೆ ಸಾಣೆ ಹಿಡಿಯಲು ಅನುಕೂಲವಾಗಲಿ ಎಂದು ತಗಡಿನ ನಡುವೆ ಒಂದು ತೋಡು ಒತ್ತಿದ್ದಾರೆ. ಗೌಜ್‌ನ ದಂಡ ದುಂಡಗಿನದು. ಮೂತಿಯನ್ನು ಉಜ್ಜುವಾಗ ಅದು ಆ ತೋಡಿನೊಳಗೆ ಕೂರುತ್ತದೆ. ರೆಕ್ಕೆಯತ್ತ ಹೊರಳಿಸಿದೊಡನೆ ತೋಡಿನ ಅಂಚು ಹತ್ತಿ ಮೇಲೇಳುತ್ತದೆ. ಒಂದು ಮಿಲಿಮೀಟರ್ ಎದ್ದರೂ ಸಾಕು, ದುಂಡು ಚಕ್ರದ ಮೇಲೆ ಉಳಿ ತಾಗುವ ಜಾಗ ಬದಲಾಗಿ ಹೊಸ ಮುಖವೊಂದು ಬೀಳುತ್ತದೆ. ಸಾಲದ್ದಕ್ಕೆ ತಗಡು ತೆಳು, ಹಿಡಿದಿರುವುದು ಒಂದೇ ಬೋಲ್ಟು. ಬೆರಳಲ್ಲಿ ಒತ್ತಿದರೆ ಬಾಗುವುದು ಕಣ್ಣಿಗೇ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಮೋಟಾರು ಮಾಡಿದವರು ಉಳಿ ಕೂರುವ ಜಾಗವನ್ನೇ ಹೀಗೆ ಬಿಟ್ಟಿದ್ದಾರಲ್ಲ ಎಂದು ಆ ರಾತ್ರಿ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಆರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ತಂದೆ. ಅಂಚುಗಳನ್ನು ಅರದಿಂದ ಉರುಟು ಮಾಡಿ, ಮೇಲ್ಮೈಯನ್ನು ಎಮರಿ ಕಾಗದದಿಂದ ಉಜ್ಜಿ, ಮೇಣ ಸವರಿ, ಎರಡು ಬೋಲ್ಟಿನಲ್ಲಿ ಬಿಗಿದೆ. ಚಕ್ರಕ್ಕೂ ಪಟ್ಟಿಗೂ ನಡುವೆ ಮೂರು ಮಿಲಿಮೀಟರ್‌ಗಿಂತ ಹೆಚ್ಚು ಸಂದು ಬಿಡಲಿಲ್ಲ. ಸಂದು ದೊಡ್ಡದಾದರೆ ಉಳಿ ಒಳಕ್ಕೆ ಎಳೆದುಕೊಳ್ಳುತ್ತದೆ, ಬೆರಳೂ ಅದರ ಹಿಂದೆಯೇ ಹೋಗಬಹುದು. ಚಕ್ರ ಸವೆದ ಹಾಗೆ ಪಟ್ಟಿಯನ್ನು ಮುಂದಕ್ಕೆ ತರಬೇಕು, ಅದೂ ಚಕ್ರ ಪೂರ್ತಿ ನಿಂತ ಮೇಲೆಯೇ.

ಆಮೇಲೆಯೇ ಈ ಯಂತ್ರ ಎಂಥದ್ದು ಎಂದು ನನಗೆ ತಿಳಿದದ್ದು. ನಿಮಿಷಕ್ಕೆ ಸುಮಾರು 1440 ಸುತ್ತು, ಸದ್ದು ಒಂದು ಸಣ್ಣ ಗುಂಯ್‌ಗಾರ. ಇದರ ಎರಡರಷ್ಟು ವೇಗದ ಗ್ರೈಂಡರ್‌ಗಳಲ್ಲಿ ತಪ್ಪು ತಿದ್ದಿಕೊಳ್ಳುವಷ್ಟು ಹೊತ್ತೇ ಸಿಗುವುದಿಲ್ಲ. ಇಲ್ಲಿ ಕೈ ಏನು ಮಾಡುತ್ತಿದೆ ಎಂದು ಕಣ್ಣು ನೋಡಬಹುದು, ಕಿವಿ ಕೇಳಬಹುದು.

ಈಗ ಪ್ರತಿದಿನ ಕೆಲಸ ಶುರುವಾಗುವುದು ಇಲ್ಲಿಂದಲೇ. ಕನ್ನಡಕ ಹಾಕಿಕೊಂಡು, ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ಸ್ವಿಚ್ ಹಾಕುತ್ತೇನೆ, ಒಂದು ನಿಮಿಷ ಸುಮ್ಮನೆ ಸುತ್ತಲು ಬಿಡುತ್ತೇನೆ. ಅಷ್ಟರಲ್ಲಿ ಕಪ್ಪು ಮಾರ್ಕರ್‌ನಿಂದ ಬೆವೆಲ್‌ಗೆ ಬಣ್ಣ ಬಳಿಯುತ್ತೇನೆ. ಹಿಡಿಯ ತುದಿ ಸೊಂಟಕ್ಕೆ ಒತ್ತಿರುತ್ತದೆ, ಎಡಗೈ ಹೆಬ್ಬೆರಳು ದಂಡದ ಮೇಲೆ, ತೋರುಬೆರಳು ಪಟ್ಟಿಯ ಕೆಳಗೆ. ಹಿಡಿಯನ್ನು ತಗ್ಗಿಸಿ ಮೊದಲು ಬೆವೆಲ್‌ನ ಹಿಮ್ಮಡಿಯನ್ನಷ್ಟೇ ಚಕ್ರಕ್ಕೆ ಸೋಕಿಸುತ್ತೇನೆ. ಅಲ್ಲಿ ಕಪ್ಪು ಅಳಿದು ಬೆಳ್ಳಿಯ ಗೆರೆ ಮೂಡುತ್ತದೆ. ಹಿಡಿಯನ್ನು ಕೂದಲೆಳೆಯಷ್ಟು ಎತ್ತುತ್ತಾ ಬಂದರೆ ಬೆಳ್ಳಿ ಅಗಲವಾಗುತ್ತದೆ, ಕಪ್ಪು ಬಾಯಿಯ ಕಡೆಗೆ ಒತ್ತಿಕೊಂಡು ತೆಳುವಾಗುತ್ತದೆ. ಕೊನೆಗೆ ದಾರದಷ್ಟು ಕಪ್ಪು ಉಳಿದು ಅದೂ ಮಾಯವಾದಾಗ, ಇಷ್ಟು ಹೊತ್ತು ಕೆಳಗೇ ಸುರಿಯುತ್ತಿದ್ದ ಕಿಡಿಗಳಲ್ಲಿ ಒಂದೆರಡು ಬಾಯಿ ದಾಟಿ ಗೌಜ್‌ನ ಕಾಲುವೆಯೊಳಕ್ಕೆ ಇಣುಕುತ್ತವೆ. ಅಲ್ಲಿಗೆ ನಿಲ್ಲಿಸಬೇಕು. ಮತ್ತೊಂದು ಸಲ ಒತ್ತಿದರೆ ಹರಿತವೇನೂ ಹೆಚ್ಚುವುದಿಲ್ಲ, ಉಕ್ಕು ಮಾತ್ರ ಹೋಗುತ್ತದೆ.

ರೆಕ್ಕೆಗಳ ಕಡೆ ಎಚ್ಚರ ಹೆಚ್ಚು ಬೇಕು. ಹಿಡಿಯನ್ನು ಹೊರಳಿಸುತ್ತಲೇ ಪಕ್ಕಕ್ಕೆ ಬೀಸಬೇಕು, ಎರಡೂ ಒಟ್ಟಿಗೆ ಸಾಗಬೇಕು. ಅಲ್ಲಿ ಹೆಚ್ಚು ಹೊತ್ತು ನಿಂತರೆ ಗೌಜ್‌ನ ಮೂತಿ ಹಕ್ಕಿಯ ಕೊಕ್ಕಾಗುತ್ತದೆ. ಮೂತಿಗೂ ರೆಕ್ಕೆಗೂ ನಡುವೆ ನಿಂತರೆ ಅಂಚಿನಲ್ಲಿ ತಗ್ಗು ಬೀಳುತ್ತದೆ. ದಪ್ಪ ಪಟ್ಟಿ ಬಂದ ಮೇಲೆ ನನ್ನ ಕೈಗೆ ಈ ಬೀಸು ಕೆಲವೇ ವಾರಗಳಲ್ಲಿ ಕೂತಿತು.

ಕಿಡಿಯನ್ನು ನೋಡುವುದೂ ಒಂದು ಸುಖ. ಹೈಸ್ಪೀಡ್ ಉಕ್ಕಿನ ಗೌಜ್ ಮಂಕಾದ ಕೆಂಪು ಕಿತ್ತಳೆ ಗೆರೆಗಳನ್ನು ಬಿಡುತ್ತದೆ. ಹಳೆಯ ಕಾರ್ಬನ್ ಉಕ್ಕಿನ ಉಳಿಯೊಂದಿದೆ, ಅದನ್ನು ಮುಟ್ಟಿಸಿದರೆ ಬಿಳಿ ನಕ್ಷತ್ರಗಳು ಸಿಡಿಯುತ್ತವೆ. ಆ ಹಳೆಯದನ್ನು ಪ್ರತಿ ಒರೆತಕ್ಕೂ ನೀರಿಗೆ ಅದ್ದುತ್ತೇನೆ, ಬಾಯಿ ನೀಲಿಗೆ ತಿರುಗಿದರೆ ಹದ ಹೋಯಿತೆಂದೇ ಲೆಕ್ಕ. ಹೈಸ್ಪೀಡ್ ಉಕ್ಕಿನ ಹದ 500 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಕೆಡುವುದಿಲ್ಲ. ಬಿಸಿಯಾಗಿರುವಾಗ ನೀರಿಗೆ ಅದ್ದಿದರೆ ಅದರ ಬಾಯಲ್ಲಿ ಸೂಕ್ಷ್ಮ ಬಿರುಕು ಬೀಳಬಹುದು, ಹಾಗಾಗಿ ಗಾಳಿಯಲ್ಲೇ ಆರಲು ಬಿಡುತ್ತೇನೆ.

ಇನ್ನು ಚಕ್ರದ ಮಾತು. ಯಂತ್ರದೊಂದಿಗೆ ಬಂದ ಬೂದು ಚಕ್ರ ಈ ಕೆಲಸಕ್ಕೆ ಆಗದು, ಬೇಗ ನುಣುಪೇರಿ ಉಕ್ಕನ್ನು ಕಾಯಿಸುತ್ತದೆ. ಮೊದಲ ತಿಂಗಳಲ್ಲೇ 80 ಗ್ರಿಟ್‌ನ (ಗ್ರಿಟ್ ಎಂದರೆ ಕಣದ ಗಾತ್ರದ ಅಳತೆ) ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ ಹಾಕಿಸಿದೆ. ಇದು ಮೃದು, ಮೊಂಡಾದ ಕಣಗಳನ್ನು ತಾನೇ ಉದುರಿಸಿಕೊಂಡು ಹೊಸ ಕಣ ಒಡ್ಡುತ್ತದೆ. ಆದರೂ ಆಗಾಗ ವಜ್ರದ ಡ್ರೆಸ್ಸರ್ ಆಡಿಸಿ ಮುಖ ಮಟ್ಟ ಮಾಡಬೇಕು, ಆಗ ಏಳುವ ಬಿಳಿ ದೂಳಿಗೆ ಮುಸುಕು ಕಡ್ಡಾಯ. ಸಿಬಿಎನ್ ಚಕ್ರಕ್ಕೆ, ಅಂದರೆ ಕ್ಯೂಬಿಕ್ ಬೋರಾನ್ ನೈಟ್ರೈಡ್ ಎಂಬ ಬಲು ಗಡಸು ಕಣ ಅಂಟಿಸಿದ ಲೋಹದ ಚಕ್ರಕ್ಕೆ, ಈ ರಗಳೆ ಇಲ್ಲ, ಅದು ಸವೆದು ಚಿಕ್ಕದಾಗುವುದೂ ಇಲ್ಲವೆನ್ನಬೇಕು. ನನ್ನ ಕೈಯಲ್ಲಿ ಅಷ್ಟು ಹಣ ಇನ್ನೂ ಕೂಡಿಬಂದಿಲ್ಲ. 200 ಮಿಲಿಮೀಟರ್ ಇದ್ದ ಬಿಳಿ ಚಕ್ರ ಈಗ 178ಕ್ಕೆ ಇಳಿದಿದೆ, ಇನ್ನೂ ಒಂದು ವರ್ಷವಾದರೂ ನಡೆಯುತ್ತದೆ.

ಕೊಳ್ಳಬಹುದೇ ಎಂದು ಕೇಳುವವರಿಗೆ, ಕೊಳ್ಳಿ ಎಂದೇ ಹೇಳುತ್ತೇನೆ. ಬೇರಿಂಗ್ ಇನ್ನೂ ಸದ್ದು ಮಾಡಿಲ್ಲ, ಸ್ವಿಚ್ ಆರಿಸಿದ ಮೇಲೂ ಚಕ್ರ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ತಾನಾಗಿ ಸುತ್ತುತ್ತದೆ. ಆದರೆ ಪೆಟ್ಟಿಗೆ ಬಿಚ್ಚಿದ ದಿನವೇ ಆಸರೆ ತಟ್ಟೆಯನ್ನು ತೆಗೆದಿಟ್ಟು ದಪ್ಪನೆಯದೊಂದನ್ನು ಕೂರಿಸಿಕೊಳ್ಳಿ. ತಗಡಿನ ಕಾಲದ ಎರಡು ವರ್ಷದಲ್ಲಿ ನನ್ನ ಮೊದಲ ಬಟ್ಟಲು ಗೌಜ್ ನಾಲ್ಕು ಬೆರಳಗಲ ಸವೆಯಿತು. ಪಟ್ಟಿ ಹಾಕಿದ ಮೇಲೆ ತಂದ ಎರಡನೆಯದು, ಅಷ್ಟೇ ಕೆಲಸ ಮಾಡಿ, ಒಂದು ಬೆರಳಗಲ ಮಾತ್ರ ಸವೆದಿದೆ. ಮೊದಲನೆಯದನ್ನು ಎಸೆದಿಲ್ಲ. ಅದರ ಕಾಲುವೆಯಲ್ಲಿ ಇನ್ನೂ ಅರ್ಧ ಅಂಗುಲ ಉಕ್ಕು ಉಳಿದಿದೆ, ಸಣ್ಣ ಬಟ್ಟಲುಗಳ ಅಂಚಿಗೆ ಅದನ್ನೇ ಹಿಡಿಯುತ್ತೇನೆ.