ಗ್ಯಾಸ್ ಬೇಡದ ಮಿಗ್ ವೆಲ್ಡಿಂಗ್ ಯಂತ್ರ: ಮನೆಯ ಶೆಡ್ಡಿನಲ್ಲಿ ತೆರೆದ ಜೀಪು, ಮೂರು ಮಳೆಗಾಲದ ಬಳಕೆ

ತೀರ್ಪು ಮೊದಲೇ ಹೇಳುತ್ತೇವೆ. ಕೊಡಗಿನಲ್ಲಿ ತೋಟದ ಮನೆಯ ಶೆಡ್ಡಿನೊಳಗೆ ಮನೆಯವರೇ ಸೇರಿ ಹಳೆಯ ಜೀಪನ್ನು ಎರಡು ಸೀಟಿನ ತೆರೆದ ಗಾಡಿಯಾಗಿ ಸಿದ್ಧ ಮಾಡುವುದಾದರೆ, ತಗಡಿನ ಕೆಲಸಕ್ಕೆ ಈ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಚಾಸಿಗೆ ಮಾತ್ರ ಇದರ ತಂತಿಯನ್ನು ಮುಟ್ಟಿಸಬೇಡಿ. ಇನ್ನೊಂದು ಮಾತು: ಕೆಲಸ ಕೆಟ್ಟಾಗಲೆಲ್ಲ ನಾವು ಮೊದಲು ಯಂತ್ರವನ್ನು ಬೈದೆವು, ಆದರೆ ಹುಡುಕಿದಾಗ ಕಾರಣ ಹೆಚ್ಚಿನ ಸಲ ಎರಡೇ ಆಗಿತ್ತು: ಲೈನಿನ ವೋಲ್ಟೇಜು, ಇಲ್ಲವೇ ತಂತಿಗೆ ಹಿಡಿದ ತೇವ.

ಯಂತ್ರ 200 ಆಂಪಿಯರಿನ ಸಿಂಗಲ್ ಫೇಸ್ ಇನ್ವರ್ಟರ್ ಮಿಗ್, ಅಂದರೆ ತಂತಿಯನ್ನು ತಾನೇ ತಳ್ಳುತ್ತಾ ಅದನ್ನೇ ಕರಗಿಸಿ ಬೆಸೆಯುವಂಥದು. ಗ್ಯಾಸ್ ಇಟ್ಟೂ ನಡೆಯುತ್ತದೆ, ಫ್ಲಕ್ಸ್ (ವೆಲ್ಡನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ ತಂತಿ ಹಾಕಿದರೆ ಗ್ಯಾಸ್ ಇಲ್ಲದೆಯೂ ನಡೆಯುತ್ತದೆ, ರಾಡು ಹಿಡಿದು ಸುಡುವ ಸೌಲಭ್ಯವೂ ಇದೆ. ಇಪ್ಪತ್ತು ಸಾವಿರ ರೂಪಾಯಿಯೊಳಗಿನ ವರ್ಗ. ಇದೇ ಹೊಟ್ಟೆಯ ಯಂತ್ರಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುವುದರಿಂದ ಇಲ್ಲಿ ಹೆಸರು ಮುಖ್ಯವಲ್ಲ. ನಾವು ಬಳಸಿದ್ದು 0.8 ಮಿ.ಮೀ. ತಂತಿ, 1 ಕಿಲೋ ಸ್ಪೂಲು. ಕೆಲಸ ನಡೆದದ್ದು ಒಂದು ಮಹೀಂದ್ರ ಎಂಎಂ 540 ಜೀಪಿನ ಮೇಲೆ: ನೆಲ ಪೂರ್ತಿ ಹೊಸದು, ಎರಡೂ ಬದಿಯ ಕೆಳ ಅಂಚು, ಹಿಂದಿನ ಎರಡು ಮೂಲೆ, ಬ್ಯಾಟರಿ ತಟ್ಟೆ. ಎಂಜಿನ್ ಹಳೆಯ ಪ್ಯೂಜೋ ಎಕ್ಸ್‌ಡಿಪಿ, 2112 ಸಿಸಿ ಡೀಸೆಲ್; ಅದನ್ನು ಮುಟ್ಟಿಲ್ಲ. ಇಷ್ಟಕ್ಕೆ ಆರು ಸ್ಪೂಲು ಹಿಡಿಯಿತು. ಅದರಲ್ಲಿ ಒಂದು ಕಲಿಯುವುದಕ್ಕೆ ಹೋಯಿತು, ಒಂದು ತೇವಕ್ಕೆ ಹಾಳಾಯಿತು.

ಗ್ಯಾಸ್ ಏಕೆ ಬೇಡವೆಂದರೆ, ಸಿಲಿಂಡರ್ ಹೊತ್ತು ತಿರುಗುವ ಕಷ್ಟ ಒಂದು ಕಡೆಯಾದರೆ ಗಾಳಿ ಇನ್ನೊಂದು. ಮೂರು ಕಡೆ ಗೋಡೆ, ಒಂದು ಕಡೆ ಬಯಲಾಗಿರುವ ಶೆಡ್ಡಿನಲ್ಲಿ ಸಣ್ಣ ಗಾಳಿ ಬೀಸಿದರೂ ಟಾರ್ಚಿನ (ಕೈಯಲ್ಲಿ ಹಿಡಿದು ಸುಡುವ ಗನ್ನಿನ) ತುದಿಯ ಗ್ಯಾಸ್ ಹಾರಿಹೋಗಿ ವೆಲ್ಡು ಸ್ಪಂಜಿನ ಹಾಗೆ ತೂತುತೂತಾಗುತ್ತದೆ. ಫ್ಲಕ್ಸ್ ತಂತಿ ತನ್ನ ರಕ್ಷಣೆಯ ಹೊಗೆಯನ್ನು ತಾನೇ ಉಗುಳುವುದರಿಂದ ಅಷ್ಟು ಗಾಳಿಯನ್ನು ತಡೆದುಕೊಳ್ಳುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೊಗೆ ಜಾಸ್ತಿ, ಸಿಡಿತ ಜಾಸ್ತಿ, ಪ್ರತಿ ಟ್ಯಾಕಿನ (ಚುಕ್ಕಿಯಷ್ಟು ವೆಲ್ಡಿನ) ಮೇಲೂ ಕಿಟ್ಟ ಕೂರುತ್ತದೆ. ಒಳ್ಳೆಯ ಗ್ಯಾಸ್ ಮಿಗ್ ನೋಡಿದವರಿಗೆ ಈ ವೆಲ್ಡಿನ ಅಂದ ಹಿಡಿಸುವುದಿಲ್ಲ.

ಪೆಟ್ಟಿಗೆ ಬಿಚ್ಚಿದ ದಿನವೇ ಆಗುವ ತಪ್ಪೊಂದಿದೆ. ಯಂತ್ರ ಕಾರ್ಖಾನೆಯಿಂದ ಗ್ಯಾಸ್ ತಂತಿಗೆ ಹೊಂದಿಸಿಕೊಂಡು ಬರುತ್ತದೆ, ಅಂದರೆ ಟಾರ್ಚು ಪ್ಲಸ್ಸಿಗೆ. ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಗೆ ಟಾರ್ಚು ಮೈನಸ್ಸಿಗೆ, ಅರ್ತ್ ಕ್ಲಾಂಪು ಪ್ಲಸ್ಸಿಗೆ ಹೋಗಬೇಕು. ಇದನ್ನು ಬದಲಿಸದೆ ಸುಟ್ಟರೆ ಸಿಡಿತ ಮುಖಕ್ಕೇ ಬರುತ್ತದೆ, ವೆಲ್ಡು ತಗಡಿನ ಮೇಲೆ ಗುಂಡುಗುಂಡಾಗಿ ಕೂರುತ್ತದೆ, ಸುತ್ತಿಗೆಯಲ್ಲಿ ತಟ್ಟಿದರೆ ಎದ್ದು ಬರುತ್ತದೆ. ಎರಡನೆಯದು ತಂತಿ ತಳ್ಳುವ ರೋಲರ್. ಫ್ಲಕ್ಸ್ ತಂತಿ ಒಳಗೆ ಟೊಳ್ಳು ಕೊಳವೆ, ಅದಕ್ಕೆ ಹಲ್ಲು ಹಲ್ಲಾಗಿರುವ ರೋಲರ್ ಬೇಕು. ನುಣುಪು ರೋಲರಿನಲ್ಲಿ ತಂತಿ ಜಾರುತ್ತದೆ. ಜಾರುತ್ತದೆಂದು ಸ್ಕ್ರೂ ಬಿಗಿದರೆ ಕೊಳವೆ ಚಪ್ಪಟೆಯಾಗಿ ಒಳಗಿನ ಪುಡಿ ತಂತಿ ಸಾಗುವ ಲೈನರಿನಲ್ಲಿ ಉದುರಿ ಕಟ್ಟಿಕೊಳ್ಳುತ್ತದೆ. ಬಿಗಿ ಎಷ್ಟಿರಬೇಕೆಂದರೆ, ಗ್ಲೌಸು ಹಾಕಿದ ಬೆರಳಿನ ನಡುವೆ ತಂತಿ ಹಿಡಿದಾಗ ಅದು ತಡೆಯಿಲ್ಲದೆ ಬರಬೇಕು, ಗಟ್ಟಿಯಾಗಿ ಅದುಮಿದಾಗ ರೋಲರ್ ಜಾರಬೇಕು.

ನಮ್ಮ ಯಂತ್ರದಲ್ಲಿ ಕೆಲಸಕ್ಕೆ ಬಂದ ಸೆಟ್ಟಿಂಗು: 1.2 ಮಿ.ಮೀ. ತಗಡಿಗೆ 15ರಿಂದ 16 ವೋಲ್ಟು, ಸುಮಾರು 50 ಆಂಪಿಯರ್; 1.6 ಮಿ.ಮೀ. ನೆಲದ ಶೀಟಿಗೆ 17 ವೋಲ್ಟು, 70 ಆಂಪಿಯರ್, 3 ಮಿ.ಮೀ. ಬ್ರಾಕೆಟ್ಟಿಗೆ 18ರಿಂದ 19 ವೋಲ್ಟು, 100 ಆಂಪಿಯರಿನ ಆಸುಪಾಸು. ತಂತಿ ಟಾರ್ಚಿನ ತುದಿಯ ಟಿಪ್ಪಿನಿಂದ 12ರಿಂದ 18 ಮಿ.ಮೀ. ಹೊರಗಿರಲಿ. ಟಾರ್ಚನ್ನು ಮುಂದಕ್ಕೆ ತಳ್ಳಬಾರದು, ಹಿಂದಕ್ಕೆ ಎಳೆಯಬೇಕು. ತಳ್ಳಿದರೆ ಕರಗಿದ ಕಿಟ್ಟ ಮುಂದೆ ಹರಿದು ಲೋಹದ ಕೆಳಗೆ ಸಿಕ್ಕಿಬೀಳುತ್ತದೆ. 1 ಮಿ.ಮೀ.ಗಿಂತ ತೆಳುವಾದ ಕಾರಿನ ಬಾಗಿಲಿನಂಥ ತಗಡಿಗೆ ಈ ತಂತಿ ಬೇಡ, ಕಣ್ಣು ಮಿಟುಕಿಸುವುದರೊಳಗೆ ತೂತು. ಜೀಪಿನ ತಗಡು ದಪ್ಪವಾದ್ದರಿಂದಲೇ ಈ ಯಂತ್ರ ನಮ್ಮ ಕೈಯಲ್ಲಿ ಗೆದ್ದಿತು.

ತಗಡು ಕೂಡಿಸುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೆಲಸ ಉಳಿಯುವುದೂ ಕೆಡುವುದೂ ಅಲ್ಲೇ. ಮೊದಲು ತುಕ್ಕನ್ನು ಬೆಳ್ಳಗೆ ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ. ಕಪ್ಪು ಚುಕ್ಕಿ ಉಳಿದ ತಗಡಿನ ದಪ್ಪ ಅರ್ಧಕ್ಕಿಳಿದಿರುತ್ತದೆ, ಅಲ್ಲಿ ಆರ್ಕ್ (ವೆಲ್ಡಿಂಗಿನ ಉರಿಯುವ ಕಿಡಿ) ಮುಟ್ಟಿದರೆ ತೂತು ದೊಡ್ಡದಾಗುತ್ತಲೇ ಹೋಗುತ್ತದೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಳ್ಳಿ. ಈ ಕೆಲಸದಲ್ಲಿ ಮಕ್ಕಳ ಕೈ ದೊಡ್ಡವರಿಗಿಂತ ಚೆನ್ನಾಗಿ ಓಡುತ್ತದೆ, ಮೂಲೆಯ ಬಾಗು ಸರಿಯಾಗಿ ಕೂರುವ ತನಕ ಅವರು ಬಿಡುವುದಿಲ್ಲ. ಅಚ್ಚಿನ ಮೇಲೆ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟು ಕತ್ತರಿಸಿ, ಎರಡು ಅಂಚಿನ ನಡುವೆ ಅರ್ಧದಿಂದ 1 ಮಿ.ಮೀ. ಸಂದು ಬಿಟ್ಟು ಕ್ಲಾಂಪು ಹಾಕಿ. 25ರಿಂದ 30 ಮಿ.ಮೀ.ಗೊಂದು ಟ್ಯಾಕು, ಆದರೆ ಸಾಲಾಗಿ ಅಲ್ಲ: ಒಂದು ಈ ತುದಿ, ಮುಂದಿನದು ಆ ತುದಿ, ಮತ್ತೊಂದು ನಡುವೆ. ಸಾಲಾಗಿ ಹೋದರೆ ಶಾಖ ಕೂಡಿ ತಗಡು ಹಪ್ಪಳದ ಹಾಗೆ ಉಬ್ಬುತ್ತದೆ, ಆಮೇಲೆ ಎಷ್ಟು ಪುಟ್ಟಿ ಬಳಿದರೂ ಬಿಸಿಲಿನಲ್ಲಿ ಆ ಅಲೆ ಕಾಣುತ್ತದೆ. ಕೈಯಿಟ್ಟರೆ ತಡೆಯುವಷ್ಟು ತಣ್ಣಗಾದ ಮೇಲೆಯೇ ಪಕ್ಕದ ಟ್ಯಾಕು.

ಪ್ರತಿ ಸುತ್ತಿನ ನಡುವೆ ಕಿಟ್ಟ ತೆಗೆಯಲೇಬೇಕು. ಚಿಪ್ಪಿಂಗ್ ಸುತ್ತಿಗೆಯಲ್ಲಿ ತಟ್ಟಿ ತಂತಿ ಬ್ರಷ್ಷಿನಲ್ಲಿ ಉಜ್ಜದೆ ಹಳೆಯ ಟ್ಯಾಕಿಗೆ ಹೊಸದನ್ನು ತಾಗಿಸಿದರೆ ನಡುವೆ ಕಿಟ್ಟ ಸಿಕ್ಕಿ ಸೂಜಿತೂತು ಉಳಿಯುತ್ತದೆ. ಗ್ರೈಂಡ್ ಮಾಡಿದಾಗ ಅದು ಕಾಣುವುದಿಲ್ಲ, ಬಣ್ಣ ಹೊಡೆದ ಮೇಲೂ ಕಾಣುವುದಿಲ್ಲ. ಮೊದಲ ಮಳೆಗೆ ನೆಲದ ಕೆಳಗೆ ಹನಿ ತೊಟ್ಟಿಕ್ಕಿದಾಗ ಗೊತ್ತಾಗುತ್ತದೆ. ಪರೀಕ್ಷೆ ಸುಲಭ: ರಾತ್ರಿ ಶೆಡ್ಡಿನ ದೀಪ ಆರಿಸಿ ಒಬ್ಬರು ಕೆಳಗಿನಿಂದ ಟಾರ್ಚ್ ಲೈಟು ಹಿಡಿಯಿರಿ, ಇನ್ನೊಬ್ಬರು ಮೇಲಿನಿಂದ ಬೆಳಕಿನ ಚುಕ್ಕಿಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ತೂತು ಮುಚ್ಚುವುದಕ್ಕೆ ಹಿಂದೆ ತಾಮ್ರದ ತುಂಡು ಒತ್ತಿಹಿಡಿಯಿರಿ. ಹಳೆಯ ಫ್ರಿಜ್ಜಿನ ತಾಮ್ರದ ಪೈಪನ್ನು ಬಡಿದು ಚಪ್ಪಟೆ ಮಾಡಿದರೂ ಸಾಕು. ವೆಲ್ಡು ತಾಮ್ರಕ್ಕೆ ಅಂಟುವುದಿಲ್ಲ, ಶಾಖವನ್ನೂ ಅದು ಎಳೆದುಕೊಳ್ಳುತ್ತದೆ.

ನೆಲದ ಶೀಟನ್ನು ಅಡಿಯ ಚಾನೆಲ್ಲಿಗೆ ಕೂಡಿಸಲು ಮೇಲಿನ ಶೀಟಿನಲ್ಲಿ 8 ಮಿ.ಮೀ. ತೂತು ಕೊರೆದು ಅದನ್ನು ವೆಲ್ಡಿನಿಂದ ತುಂಬುವ ಕ್ರಮವೇ ಒಳ್ಳೆಯದು, 50 ಮಿ.ಮೀ.ಗೊಂದು. ಎರಡು ತಗಡು ಒಂದರ ಮೇಲೊಂದು ಕೂರುವ ಜಾಗಕ್ಕೆಲ್ಲ ಕೂಡಿಸುವ ಮೊದಲು ಮೇಲಿಂದಲೇ ವೆಲ್ಡ್ ಮಾಡಬಹುದಾದ ಜಿಂಕ್ ಪ್ರೈಮರ್ ಹೊಡೆಯಿರಿ. ನಮ್ಮಲ್ಲಿ ಮೂರು ಮಳೆಗಾಲದ ನಂತರ ತುಕ್ಕು ಮರಳಿದ್ದು ಒಂದೇ ಕಡೆ, ಹಿಂದಿನ ಎಡ ಮೂಲೆಯಲ್ಲಿ ಈ ಪ್ರೈಮರ್ ಹೊಡೆಯದೆ ಬಿಟ್ಟ ಒಂದು ಗೇಣು ಜಾಗದಲ್ಲಿ. ಉಳಿದ ಕಡೆ ವೆಲ್ಡು ಮುಗಿದ ದಿನವೇ ಕಿಟ್ಟದ ಪುಡಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಎರಡು ಭಾಗದ ಎಪಾಕ್ಸಿ ಪ್ರೈಮರ್, ಅದರ ಮೇಲೆ ಸಂದು ಮುಚ್ಚುವ ಸೀಮ್ ಸೀಲರ್, ಟೊಳ್ಳು ಜಾಗಕ್ಕೆ ಮೇಣ. ತೆರೆದ ಗಾಡಿಗೆ ನೀರು ನುಗ್ಗದಂತೆ ಮಾಡಲಾಗದು, ನಿಲ್ಲದಂತೆ ಮಾಡಬಹುದು. ನೆಲದ ನಾಲ್ಕೂ ತಗ್ಗಿನಲ್ಲಿ 10 ಮಿ.ಮೀ. ತೂತು ಬಿಡಿ.

ಇನ್ನು ಕರೆಂಟು. 50 ಆಂಪಿಯರಿನ ತಗಡಿನ ಕೆಲಸಕ್ಕೆ ಲೈನಿನಿಂದ ಹೆಚ್ಚೆಂದರೆ 8 ಆಂಪಿಯರ್ ಎಳೆಯುತ್ತದೆ, 16 ಆಂಪಿಯರಿನ ಸಾಕೆಟ್ಟು ಧಾರಾಳ ಸಾಕು. 120ಕ್ಕೆ ಏರಿಸಿದರೆ 18ರ ಹತ್ತಿರ ಹೋಗುತ್ತದೆ, ಆ ಸಾಕೆಟ್ಟಿನ ಮಿತಿ ದಾಟಿತು. ಮನೆಯಿಂದ ಶೆಡ್ಡಿಗೆ 30 ಮೀಟರ್ ಇದ್ದರೆ 4 ಚದರ ಮಿ.ಮೀ. ತಾಮ್ರದ ವೈರು ಎಳೆಯಿರಿ. 1.5ರ ವೈರಿನಲ್ಲಿ 18 ಆಂಪಿಯರಿನ ಹೊರೆಗೆ 13 ವೋಲ್ಟು ದಾರಿಯಲ್ಲೇ ಸೋರುತ್ತದೆ, 4ರಲ್ಲಿ 5 ಮಾತ್ರ. ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ಸಂಜೆ ಹೊತ್ತಿಗೆ ಲೈನೇ 180ಕ್ಕಿಳಿದಿರುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಓಡಿಸಲು ಸುತ್ತಲಿನ ಮೋಟರುಗಳು ಶುರುವಾದರಂತೂ ಆರ್ಕ್ ಉಸಿರು ಕಟ್ಟಿದ ಹಾಗೆ ತಡವರಿಸುತ್ತದೆ. ವೋಲ್ಟೇಜು ಕುಸಿದಾಗ ತಂತಿ ತಗಡಿಗೆ ಗುದ್ದಿ ಟಾರ್ಚನ್ನೇ ಹಿಂದಕ್ಕೆ ತಳ್ಳುತ್ತದೆ. ಅನುಭವವಿಲ್ಲದವರು ತಂತಿಯ ವೇಗ ತಪ್ಪೆಂದು ನಾಬು ತಿರುಗಿಸುತ್ತಾ ಕೂರುತ್ತಾರೆ. ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. 205ಕ್ಕಿಂತ ಕಡಿಮೆ ಇದ್ದರೆ ಆ ದಿನ ಗ್ರೈಂಡಿಂಗ್ ಮಾಡಿ. ಫ್ರಿಜ್ಜಿನ ಸ್ಟೆಬಿಲೈಜರಿಗೆ ಈ ಯಂತ್ರ ಸಿಕ್ಕಿಸಿದರೆ ಸ್ಟೆಬಿಲೈಜರ್ ಸುಡುತ್ತದೆ. ಜನರೇಟರ್ ಆದರೆ 5 ಕೆವಿಎ ಬೇಕು.

ತೇವದ ವಿಷಯ ಬೇರೆ ಊರಿನವರ ವಿಮರ್ಶೆಗಳಲ್ಲಿ ನಮಗೆ ಸಿಗಲಿಲ್ಲ, ಕೊಡಗಿನವರಿಗೆ ಇದೇ ದೊಡ್ಡದು. ಫ್ಲಕ್ಸ್ ಗಾಳಿಯ ನೀರನ್ನು ಹೀರುತ್ತದೆ. ಕಕ್ಕಡದ ತಿಂಗಳಲ್ಲಿ (ಜುಲೈ, ಆಗಸ್ಟಿನ ಜಡಿಮಳೆಯಲ್ಲಿ) ಸ್ಪೂಲನ್ನು ಯಂತ್ರದಲ್ಲೇ ಬಿಟ್ಟರೆ ವಾರದೊಳಗೆ ತಂತಿಗೆ ಕೆಂಪು ಹಿಡಿಯುತ್ತದೆ, ವೆಲ್ಡಿನ ಮೇಲೆ ಹುಳು ತಿಂದ ಮರದ ಹಾಗೆ ಗೆರೆ ಗೆರೆ ಬೀಳುತ್ತದೆ. ರಾಡಿನ ಹಾಗೆ ಇದನ್ನು ಓವನ್ನಿನಲ್ಲಿ ಒಣಗಿಸೋಣವೆಂದರೆ ಸ್ಪೂಲು ಪ್ಲಾಸ್ಟಿಕ್ಕು, ಕರಗುತ್ತದೆ. ಆದ್ದರಿಂದ ತೇವ ಹಿಡಿಯದಂತೆ ಕಾಯುವುದೊಂದೇ ದಾರಿ. ಕೆಟ್ಟುಹೋದ ಫ್ರಿಜ್ಜಿನ ಪೆಟ್ಟಿಗೆಯಲ್ಲಿ 40 ವ್ಯಾಟಿನ ತಂತಿ ಬಲ್ಬು ಉರಿಸಿಟ್ಟು ಸ್ಪೂಲು, ರಾಡು ಎರಡನ್ನೂ ಅದರಲ್ಲಿ ಇಡುತ್ತೇವೆ. ಎಲ್‌ಇಡಿ ಬಲ್ಬು ಅಷ್ಟು ಶಾಖ ಕೊಡುವುದಿಲ್ಲ, ಅದು ಬೇಡ. ಕರೆಂಟಿಲ್ಲದ ದಿನಗಳಿಗೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಕೆಲಸ ಮುಗಿದ ಸಂಜೆಯೇ ಸ್ಪೂಲು ಬಿಚ್ಚಬೇಕು. ಐದು ನಿಮಿಷದ ಕೆಲಸ, ಆದರೆ ಮರೆಯುವುದೂ ಇದೇ.

ಚಾಸಿ, ಸ್ಪ್ರಿಂಗ್ ಹ್ಯಾಂಗರ್, ಸ್ಟಿಯರಿಂಗ್ ಬಾಕ್ಸಿನ ಬ್ರಾಕೆಟ್ಟು, ಸೀಟ್ ಬೆಲ್ಟಿನ ಬೋಲ್ಟು ಕೂರುವ ಜಾಗ, ಇವಕ್ಕೆ ಈ ತಂತಿ ಬೇಡ ಎಂದದ್ದಕ್ಕೆ ಕಾರಣವಿದೆ. ದಪ್ಪ ಉಕ್ಕಿನ ಮೇಲೆ 0.8ರ ತಂತಿ ಮೇಲ್ನೋಟಕ್ಕೆ ಚೆನ್ನಾಗಿ ಕೂತರೂ ಬುಡ ಕರಗಿರುವುದಿಲ್ಲ, ಅದು ಹೊರಗಿನಿಂದ ತಿಳಿಯುವುದಿಲ್ಲ. ಅಲ್ಲಿಗೆ ಚೆನ್ನಾಗಿ ಒಣಗಿಸಿದ 7018 ರಾಡು, 3.15 ಮಿ.ಮೀ., ಕೈ ಪಳಗಿದ ವೆಲ್ಡರು. ಈ ಯಂತ್ರದಲ್ಲೇ ಆ ರಾಡು ಉರಿಯುತ್ತದೆ, ಆದರೆ ವೋಲ್ಟೇಜು ಗಟ್ಟಿಯಿರುವ ಮಧ್ಯಾಹ್ನ ಮಾತ್ರ. ಚಾಸಿ ನಂಬರ್ ಕೊರೆದ ಜಾಗದ ಹತ್ತಿರ ಗ್ರೈಂಡರನ್ನೂ ತರಬೇಡಿ.

ಕಾನೂನನ್ನೂ ಇಲ್ಲೇ ಹೇಳಬೇಕು. ಅಮೆರಿಕದವರು 1932ರ ಫೋರ್ಡಿನ ಮಡ್‌ಗಾರ್ಡು ಕಳಚಿ, ಚಾಸಿ ತಗ್ಗಿಸಿ ಹಾಟ್ ರಾಡ್ ಮಾಡುವುದನ್ನು ನೋಡಿ ಕೊಡಗಿನ ಕೆಎ 12 ನಂಬರಿನ ಜೀಪಿಗೂ ಹಾಗೇ ಮಾಡಲು ಹೊರಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿ ಮಾಡಿದೆ. ತುಕ್ಕು ತಿಂದ ತಗಡನ್ನು ಅದೇ ಆಕಾರದಲ್ಲಿ ಹೊಸದು ಮಾಡುವುದು ದುರಸ್ತಿ. ಚಾಸಿ ಕತ್ತರಿಸುವುದು, ಅಳತೆ ಬದಲಿಸುವುದು ದುರಸ್ತಿಯಲ್ಲ.

ಮನೆಯವರೆಲ್ಲ ಸೇರುವ ಕೆಲಸವಾದ್ದರಿಂದ ಎಚ್ಚರಿಕೆಯಲ್ಲಿ ರಾಜಿ ಬೇಡ. ಡೀಸೆಲ್ ಟ್ಯಾಂಕನ್ನು ಬಿಚ್ಚಿ ಶೆಡ್ಡಿನಿಂದ ಹೊರಗಿಡಿ, ಖಾಲಿ ಟ್ಯಾಂಕಿನೊಳಗಿನ ಆವಿಯೇ ಹೆಚ್ಚು ಅಪಾಯ. ಬ್ಯಾಟರಿ, ಆಲ್ಟರ್ನೇಟರ್ ವೈರು ಬಿಚ್ಚಿ. ಒಬ್ಬರು ಟಾರ್ಚು, ಒಬ್ಬರು ತಗಡು, ಮೂರನೆಯವರು ನೀರಿನ ಬಕೆಟ್ಟಿನೊಂದಿಗೆ ತಗಡಿನ ಹಿಂಬದಿ. ಗೋಣಿಚೀಲ, ಕಾಫಿ ಹೊಟ್ಟು ಇರುವ ಶೆಡ್ಡಿನಲ್ಲಿ ಕಿಡಿ ಅರ್ಧ ಗಂಟೆ ಬಿಟ್ಟೂ ಹೊತ್ತಿಕೊಳ್ಳುತ್ತದೆ. ಆರ್ಕ್ ಉರಿಯುವಾಗ ಮಕ್ಕಳು ಟಾರ್ಪಾಲಿನ ಆಚೆ ಇರಲಿ. ಹೆಲ್ಮೆಟ್ಟಿನ ಗಾಜು 10ನೇ ಶೇಡು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ಒರೆಸಿದ ತಗಡನ್ನು ಎಂದೂ ಸುಡಬೇಡಿ, ಹುಟ್ಟುವ ಹೊಗೆ ಪ್ರಾಣಾಂತಿಕ. ಜಿಐ ಶೀಟಾದರೆ ಅಂಚಿನ ಸತುವನ್ನು ಒಂದು ಇಂಚು ಉಜ್ಜಿ ತೆಗೆಯಿರಿ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ. ಒದ್ದೆ ನೆಲದಲ್ಲಿ ನಿಂತು ಸುಡುವುದಾದರೆ ರಬ್ಬರ್ ಮ್ಯಾಟು ಕಡ್ಡಾಯ.

ಯಂತ್ರದ ಬಾಳಿಕೆ ಬಗ್ಗೆ ದೂರು ಕಡಿಮೆ. ಜೊತೆಗೆ ಬಂದ ಅರ್ತ್ ಕ್ಲಾಂಪು ಕಳಪೆ, ಹತ್ತು ನಿಮಿಷಕ್ಕೇ ಕಾಯುತ್ತಿತ್ತು. 300 ಆಂಪಿಯರಿನ ಹಿತ್ತಾಳೆಯದನ್ನು ಹಾಕಿದ ಮೇಲೆ ಆರ್ಕ್ ಕೂಡ ಶಾಂತವಾಯಿತು. ಗ್ರೈಂಡರಿನ ಪುಡಿಯನ್ನು ಫ್ಯಾನು ಒಳಗೆಳೆದುಕೊಳ್ಳುತ್ತದೆ, ಆದ್ದರಿಂದ ಗ್ರೈಂಡ್ ಮಾಡುವಾಗ ಯಂತ್ರ ದೂರವಿರಲಿ. ವರ್ಷಕ್ಕೊಮ್ಮೆ ಪ್ಲಗ್ ತೆಗೆದು ಹತ್ತು ನಿಮಿಷ ಕಾದು, ಮುಚ್ಚಳ ಬಿಚ್ಚಿ ಒಣ ಗಾಳಿ ಊದಿ. ಟಿಪ್ಪುಗಳನ್ನು ಹತ್ತರ ಲೆಕ್ಕದಲ್ಲಿ ಕೊಳ್ಳಿ. ಮಳೆಗಾಲದಲ್ಲಿ ನಾವು ಯಂತ್ರವನ್ನು ಪೂರ್ತಿ ನಿಲ್ಲಿಸುತ್ತೇವೆ. ಕೈಲ್ ಮುಹೂರ್ತ (ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧಪೂಜೆ) ಕಳೆದು ಮತ್ತೆ ತೆಗೆದಾಗ ಸ್ಪೂಲಿನ ಮೇಲಿನ ಎರಡು ಸುತ್ತು ಕತ್ತರಿಸಿ ಬಿಸಾಡಿ, ರದ್ದಿ ತಗಡಿನ ಮೇಲೆ ಒಂದು ಗೇಣು ಸುಟ್ಟು, ಕಿಟ್ಟ ತಟ್ಟಿ, ಗೆರೆ ಇಲ್ಲವೆಂದು ಕಂಡ ಮೇಲೆಯೇ ಗಾಡಿಗೆ ಕೈ ಹಚ್ಚುತ್ತೇವೆ.